ದಾಖಲೆ ಕೇಳುವ ಮೊದಲು ಕಡತ ಹುಡುಕಿಸಿ: ಆದಿವಾಸಿಗಳ ಭೂಮಿಯ ಕುರಿತು ರಾಜ್ಯ ಸರ್ಕಾರಕ್ಕೆ ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ, ಹಾಗೂ ಕಂದಾಯ, ಅರಣ್ಯ ಮತ್ತು ಪರಿಶಿಷ್ಟ ಪಂಗಡಗಳ ಕಲ್ಯಾಣ ಖಾತೆಗಳ ಮಾನ್ಯ ಸಚಿವರಿಗೆ,
ವಿಧಾನಸೌಧ, ಬೆಂಗಳೂರು

ಗೌರವಪೂರ್ವಕ ನಮಸ್ಕಾರಗಳು.

ನಾನು ಕಂದಾಯ ಇಲಾಖೆಯಿಂದ ನಿವೃತ್ತನಾದವನು. ಸೇವೆಯ ಬಹುಕಾಲ ಕಳೆದದ್ದು ಬೆಂಗಳೂರಿನ ಸುತ್ತಲಿನ ತಾಲ್ಲೂಕು ಕಚೇರಿಗಳಲ್ಲಿ. ಪಹಣಿ, ಮ್ಯುಟೇಷನ್ ವಹಿ, ಸಾಗುವಳಿ ಚೀಟಿ, ಭೂಮಂಜೂರಾತಿ ಕಡತಗಳ ನಡುವೆ. ಈಗ ಬನ್ನೇರುಘಟ್ಟ, ಕನಕಪುರ, ಮಾಗಡಿ ಕಡೆಯ ಇರುಳಿಗ ಮತ್ತು ಹಕ್ಕಿಪಿಕ್ಕಿ ಕುಟುಂಬಗಳಿಗೆ ಅರ್ಜಿ ಬರೆದುಕೊಡುತ್ತೇನೆ, ವಿಚಾರಣೆಯ ದಿನ ಅವರ ಜೊತೆ ಹೋಗುತ್ತೇನೆ. ತಮ್ಮೆಲ್ಲರಿಗೂ ಒಟ್ಟಿಗೆ ಬರೆಯಲು ಕಾರಣವಿದೆ. ಕಂದಾಯದವರನ್ನು ಕೇಳಿದರೆ ಅದು ಅರಣ್ಯ ಭೂಮಿ ಎನ್ನುತ್ತಾರೆ. ಅರಣ್ಯದವರನ್ನು ಕೇಳಿದರೆ ಅರ್ಜಿ ಕಲ್ಯಾಣ ಇಲಾಖೆಯಲ್ಲಿದೆ ಎನ್ನುತ್ತಾರೆ. ಕಲ್ಯಾಣ ಇಲಾಖೆಯವರು ಸರ್ವೆ ಆಗಬೇಕೆಂದು ಮತ್ತೆ ಕಂದಾಯಕ್ಕೆ ಕಳಿಸುತ್ತಾರೆ. ಈ ಓಡಾಟದಲ್ಲೇ ಒಂದು ತಲೆಮಾರು ಮಣ್ಣಾಗಿದೆ.

ಆದಿವಾಸಿಗಳು ಭೂಮಿ ಕಳೆದುಕೊಳ್ಳುವುದೇಕೆ ಎಂದು ಸರ್ಕಾರಿ ಸಭೆಗಳಲ್ಲಿ ಚರ್ಚೆ ಬಂದಾಗ ಅನಕ್ಷರತೆ, ಬಡತನ, ಸಾಲ, ಕುಡಿತ ಎಂಬ ಉತ್ತರಗಳು ಬರುವುದನ್ನು ಕೇಳಿದ್ದೇನೆ. ಸಾಲ ನಿಜ, ಬಡತನವೂ ನಿಜ. ಆದರೆ ಸಾಲ ಕೊಟ್ಟವನು ಬಾಗಿಲಿಗೆ ಬರುವ ಎಷ್ಟೋ ಮೊದಲೇ ಆ ಭೂಮಿಯನ್ನು ಕಾಗದದ ಮೇಲೆ ಅವರಿಂದ ಕಿತ್ತುಕೊಂಡಾಗಿರುತ್ತದೆ. ಕಿತ್ತುಕೊಂಡದ್ದು ಸರ್ಕಾರ. ಅದೇ ಸರ್ಕಾರ ಇವತ್ತು ಅವರನ್ನು ಎದುರು ನಿಲ್ಲಿಸಿಕೊಂಡು, ಈ ಭೂಮಿ ನಿಮ್ಮದೆನ್ನಲು ಕಾಗದ ತೋರಿಸಿ ಎನ್ನುತ್ತಿದೆ. ನನ್ನ ದೂರು ಇದು. ಉಳಿದದ್ದೆಲ್ಲ ಇದರ ವಿವರ.

ಬ್ರಿಟಿಷರ 1878ರ ಅರಣ್ಯ ಕಾಯ್ದೆ, ಆಮೇಲೆ 1927ರದ್ದು, ನಮ್ಮದೇ 1963ರ ಕರ್ನಾಟಕ ಅರಣ್ಯ ಕಾಯ್ದೆ, ಇವೆಲ್ಲದರ ಕ್ರಮ ಹೆಚ್ಚುಕಡಿಮೆ ಒಂದೇ. ಸರ್ಕಾರ ಒಂದು ಪ್ರದೇಶವನ್ನು ಮೀಸಲು ಅರಣ್ಯ ಮಾಡುವುದಾಗಿ ಅಧಿಸೂಚನೆ ಹೊರಡಿಸುತ್ತದೆ. ಹಕ್ಕು ಇರುವವರು ಕೆಲವೇ ತಿಂಗಳ ಗಡುವಿನೊಳಗೆ ಬಂದು ಹೇಳಿಕೊಳ್ಳಬೇಕು. ಹೇಳಿಕೊಳ್ಳದಿದ್ದರೆ ಹಕ್ಕು ಹೋಯಿತು. ಗೆಜೆಟ್ ಪ್ರಕಟಣೆಯನ್ನು ಓದಿ, ದಿನ ಲೆಕ್ಕ ಹಾಕಿ, ಜಿಲ್ಲಾ ಕೇಂದ್ರಕ್ಕೆ ಬಂದು ತಕರಾರು ಸಲ್ಲಿಸಬಲ್ಲ ಎಷ್ಟು ಜನ ಜೇನುಕುರುಬರು, ಸೋಲಿಗರು, ಇರುಳಿಗರು ಆಗ ಇದ್ದರು? ಅಜ್ಜ ಮುತ್ತಜ್ಜಂದಿರ ಕಾಲದಿಂದ ರಾಗಿ ಚೆಲ್ಲಿದ, ಜೇನು ಕೊಯ್ದ, ಗೆಣಸು ಅಗೆದ ನೆಲದಲ್ಲಿ ಅವರು ಒಂದು ಬೆಳಗ್ಗೆ ಒತ್ತುವರಿದಾರರಾಗಿಬಿಟ್ಟರು. ಸರ್ವೆ ನಕ್ಷೆಯಲ್ಲಿ ಅವರ ಊರುಗಳಾದ ಹಾಡಿಗಳಿಲ್ಲ, ಪೋಡುಗಳಿಲ್ಲ. ನಕ್ಷೆಯಲ್ಲಿ ಇಲ್ಲದ ಊರಿಗೆ ಪಹಣಿ ಎಲ್ಲಿಂದ ಬರಬೇಕು?

ಸಂಸತ್ತು ಇದನ್ನು ಒಪ್ಪಿಕೊಂಡಿದೆ. ಕಾಡಿನಲ್ಲಿ ನೆಲೆಸಿದವರಿಂದ ಅರ್ಜಿ ಪಡೆದು ಅವರ ಭೂಮಿಯ ಹಕ್ಕನ್ನು ಗುರುತಿಸುವ 2006ರ ಅರಣ್ಯ ಹಕ್ಕು ಕಾಯ್ದೆಯ ಪೀಠಿಕೆಯಲ್ಲಿ ಇದನ್ನು ಚಾರಿತ್ರಿಕ ಅನ್ಯಾಯ ಎಂದೇ ಕರೆಯಲಾಗಿದೆ. ಅಷ್ಟು ದೊಡ್ಡ ಮಾತು ಆಡಿದ ಕಾಯ್ದೆ ನಮ್ಮ ರಾಜ್ಯದಲ್ಲಿ ಏನಾಯಿತು? 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್ ತಿರಸ್ಕೃತ ಅರ್ಜಿದಾರರನ್ನು ತೆರವುಗೊಳಿಸುವಂತೆ ಆದೇಶಿಸಿ, ಅದೇ ತಿಂಗಳ 28ರಂದು ಆ ಆದೇಶವನ್ನು ತಾನೇ ತಡೆಹಿಡಿಯಿತು. ಆ ಪ್ರಕರಣದಲ್ಲಿ ಕರ್ನಾಟಕ ಕೊಟ್ಟ ಲೆಕ್ಕದಲ್ಲಿ ತಿರಸ್ಕೃತ ಅರ್ಜಿಗಳು ಒಂದೂವರೆ ಲಕ್ಷಕ್ಕಿಂತ ಹೆಚ್ಚಿದ್ದವು. ಪರಿಶಿಷ್ಟ ಪಂಗಡದವರೂ ಇತರ ಪಾರಂಪರಿಕ ಅರಣ್ಯವಾಸಿಗಳೂ ಅದರಲ್ಲಿ ಸೇರಿದ್ದಾರೆ. ಅಷ್ಟು ಜನ ಸುಳ್ಳು ಹೇಳಿ ಅರ್ಜಿ ಹಾಕಿದರೆಂದು ನಂಬಲು ನನ್ನಿಂದ ಆಗುವುದಿಲ್ಲ. ನಾನು ನೋಡಿದ ತಿರಸ್ಕಾರದ ಹಿಂಬರಹಗಳಲ್ಲಿ ಹೆಚ್ಚಿನವು ಒಂದೇ ಸಾಲಿನವು: ಪೂರಕ ದಾಖಲೆ ಒದಗಿಸಿಲ್ಲ. ಹಲವರ ಕೈಗೆ ಆ ಹಿಂಬರಹವೂ ತಲುಪಿಲ್ಲ. ಅರ್ಜಿ ಬಿದ್ದುಹೋದ ಸುದ್ದಿ ಅವರಿಗೆ ಗೊತ್ತಾಗಿದ್ದು ಗಾರ್ಡ್ ಬಂದು ಬೇಲಿ ಕೀಳುವಾಗ.

ಕಾಯ್ದೆಯ ನಿಯಮಗಳನ್ನು ಬಲ್ಲ ಅಧಿಕಾರಿಗಳು ಇಂಥ ಹಿಂಬರಹಕ್ಕೆ ಸಹಿ ಹಾಕುತ್ತಿದ್ದಾರೆ ಎಂಬುದು ನನಗೆ ಹೆಚ್ಚು ನೋವು ಕೊಡುವ ಸಂಗತಿ. ನಿಯಮ 13ರಲ್ಲಿ ಪುರಾವೆಗಳ ಪಟ್ಟಿಯೇ ಇದೆ. ಹಳೆಯ ಬಾವಿ, ಸ್ಮಶಾನ, ಪೂಜೆಯ ತಾಣ, ಕಟ್ಟಿದ ಬದು, ಸಮಮಾಡಿದ ಹೊಲ, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ, ಇವೆಲ್ಲ ಅಲ್ಲಿ ಪುರಾವೆಗಳೇ. ಇಂಥದ್ದೇ ಕಾಗದ ಬೇಕೆಂದು ಹಟ ಹಿಡಿಯಬಾರದೆಂದು 2012ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಉಪಗ್ರಹ ಚಿತ್ರವನ್ನು ಉಳಿದ ಪುರಾವೆಗಳ ಜೊತೆಗೆ ನೋಡಬಹುದು, ಅವುಗಳ ಬದಲಿಗೆ ಅಲ್ಲ ಎಂದೂ ಹೇಳಿದೆ. ಮರಗಳ ನೆರಳಿನಡಿ ಬಿದಿರು ಹುಲ್ಲಿನ ಗುಡಿಸಲು ಕಟ್ಟಿಕೊಂಡವರ ಮನೆ ಆಕಾಶದಿಂದ ಕಾಣದಿದ್ದರೆ ಅದು ಮನೆಯಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ನಗರದ ಅಂಚಿನ ಒಂದು ಕಚೇರಿಯಲ್ಲಿ ಇರುಳಿಗ ಅಜ್ಜಿಯೊಬ್ಬರ ಜೊತೆ ವಿಚಾರಣೆಗೆ ಕುಳಿತಿದ್ದೆ. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ರೇಷನ್ ಕಾರ್ಡು, ವೋಟಿನ ಗುರುತುಚೀಟಿ, ಗಂಡನ ಮರಣ ಪತ್ರ ತಂದಿದ್ದರು. ಮೇಜಿನ ಆಚೆಯವರು ಎಲ್ಲವನ್ನೂ ತಿರುವಿ ನೋಡಿ, ‘ಇದರಲ್ಲಿ ಜಾಗದ್ದು ಏನೂ ಇಲ್ಲವಲ್ಲ ಅಜ್ಜಿ’ ಎಂದರು. ಅಜ್ಜಿ, ‘ನಮ್ಮಪ್ಪನ್ನ, ನಮ್ ದೊಡ್ಡಪ್ಪನ್ನ ಅಲ್ಲೇ ಮಣ್ ಮಾಡಿರೋದು ಸ್ವಾಮಿ. ಬನ್ನಿ, ತೋರುಸ್ತೀನಿ’ ಎಂದರು. ಯಾರೂ ಹೋಗಲಿಲ್ಲ. ಕಾಯ್ದೆಯ ಪ್ರಕಾರ ಆ ಅಜ್ಜಿ ಹೇಳಿದ್ದು ಪುರಾವೆ. ಅದನ್ನು ಬರೆದುಕೊಂಡು, ಸ್ಥಳಕ್ಕೆ ಹೋಗಿ ನೋಡಿ, ಮಹಜರು ಮಾಡುವುದು ಕಚೇರಿಯ ಕರ್ತವ್ಯ. ಕಡತದಲ್ಲಿ ಅವರ ಮಾತಿನ ಒಂದು ಅಕ್ಷರವೂ ಇಲ್ಲ.

ಈಗ ನಾಗರಹೊಳೆಯ ಮಾತು. 1974ರ ಸುಮಾರಿಗೆ ಒಂದು ಕಡೆ ಕಬಿನಿ ಜಲಾಶಯ ತುಂಬಿತು, ಇನ್ನೊಂದು ಕಡೆ ವನ್ಯಜೀವಿ ಕಾನೂನು ಬಿಗಿಯಾಯಿತು. ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಕುಟುಂಬಗಳು ಕಾಡಿನಿಂದ ಹೊರಬಿದ್ದವು. ಹಲವರು ಕೊಡಗಿನ ಕಾಫಿ ತೋಟಗಳ ಲೈನ್ ಮನೆ ಸೇರಿದರು. ಹೈಕೋರ್ಟ್ ಸೂಚನೆಯ ಮೇರೆಗೆ ರಚನೆಯಾದ, ಪ್ರೊ. ಮುಜಾಫರ್ ಅಸ್ಸಾದಿ ಅವರ ನೇತೃತ್ವದ ಸಮಿತಿ 2014ರಲ್ಲಿ ವರದಿ ಕೊಟ್ಟು, ನೆಲೆ ಕಳೆದುಕೊಂಡ 3,418 ಕುಟುಂಬಗಳನ್ನು ಗುರುತಿಸಿತು. ಪ್ರೊ. ಅಸ್ಸಾದಿ 2025ರ ಜನವರಿಯಲ್ಲಿ ತೀರಿಕೊಂಡರು. ಅವರು ಶಿಫಾರಸು ಮಾಡಿದ ಪುನರ್ವಸತಿ ಪೂರ್ಣವಾಗಿ ಜಾರಿಯಾದದ್ದನ್ನು ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ. ಇದೇ ಕಾಡಿನೊಳಗೆ 1990ರ ದಶಕದಲ್ಲಿ ಅರಣ್ಯ ಇಲಾಖೆಯ ಕಟ್ಟಡಗಳನ್ನು ಐಷಾರಾಮಿ ಹೋಟೆಲಿಗೆಂದು ಖಾಸಗಿಯವರಿಗೆ ಗುತ್ತಿಗೆ ಕೊಡಲಾಗಿತ್ತು. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿ 1997ರಲ್ಲಿ ನಿಲ್ಲಿಸಿದವರು ಹಾಡಿಯ ಜನರ ಸಂಘಟನೆಯವರು. ಕಾಡನ್ನು ಉಳಿಸಿದವರು ಯಾರೆಂದು ಲೆಕ್ಕ ಹಾಕುವಾಗ ಇದನ್ನೂ ದಯವಿಟ್ಟು ಸೇರಿಸಿಕೊಳ್ಳಿ.

2025ರ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ, ತಮ್ಮ ಹಿರಿಯರ ಜಾಗಕ್ಕೆ ಮರಳಿ ಹೋದವು. ಅಲ್ಲಿ ವಾಸವಿದ್ದುದಕ್ಕೆ ಪುರಾವೆ ಇಲ್ಲವೆಂಬ ಆಕ್ಷೇಪ ಬಂತು. ಹೊರಹಾಕಿದ ಮೇಲೆ ವಾಸದ ಪುರಾವೆ ಹೇಗೆ ಉಳಿಯುತ್ತದೆ ಸ್ವಾಮಿ? ಕಾಯ್ದೆ ರೂಪಿಸಿದವರಿಗೆ ಈ ಸಂಕಟ ತಿಳಿದಿತ್ತು. ಆದ್ದರಿಂದಲೇ, 2005ರ ಡಿಸೆಂಬರ್ 13ಕ್ಕೆ ಮೊದಲು ಕಾನೂನುಬಾಹಿರವಾಗಿ ಹೊರಹಾಕಲ್ಪಟ್ಟವರಿಗೂ ಅಲ್ಲೇ ಪುನರ್ವಸತಿ ಅಥವಾ ಪರ್ಯಾಯ ಭೂಮಿ ಪಡೆಯುವ ಹಕ್ಕನ್ನು ಕಲಂ 3(1)(ಎಂ) ಕೊಡುತ್ತದೆ. ಈ ಕಲಮಿನ ಅಡಿ ಅರ್ಜಿ ಕೊಡಲು ಹೋದಾಗ, ಇಂಥದ್ದೊಂದು ಇದೆಯೇ ಎಂದು ಕೇಳಿದ ಸಿಬ್ಬಂದಿಯನ್ನು ನಾನೇ ಕಂಡಿದ್ದೇನೆ.

ಈ ‘ಆ ದಿನ ನೀವು ಅಲ್ಲಿರಲಿಲ್ಲ’ ಎಂಬ ವಾದ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಬ್ರೆಜಿಲ್‌ನಲ್ಲಿ, ಅಲ್ಲಿನ ಸಂವಿಧಾನ ಜಾರಿಗೆ ಬಂದ 1988ರ ಅಕ್ಟೋಬರ್ 5ರಂದು ಭೂಮಿಯ ಮೇಲೆ ಇದ್ದವರಿಗೆ ಮಾತ್ರ ಹಕ್ಕು ಎಂದು ಕೃಷಿ ಉದ್ಯಮದ ಪರವಾದವರು ವಾದಿಸುತ್ತ ಬಂದರು. ಅದಕ್ಕೂ ಮೊದಲೇ ಬಂದೂಕು ತೋರಿಸಿ ಓಡಿಸಲ್ಪಟ್ಟವರು ಆ ದಿನ ಅಲ್ಲಿ ಹೇಗಿರಲು ಸಾಧ್ಯ? 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ಅದೇ ವರ್ಷದ ಕೊನೆಗೆ ಅಲ್ಲಿನ ಸಂಸತ್ತು ಆ ವಾದವನ್ನೇ ಕಾನೂನು ಮಾಡಿತು. ಕೀನ್ಯಾದ ಮೌ ಕಾಡಿನ ಒಗಿಯೆಕ್ ಜನ ನಮ್ಮ ಜೇನುಕುರುಬರಂತೆ ಜೇನನ್ನೇ ನಂಬಿ ಬದುಕಿದವರು. ಕಾಡು ಉಳಿಸುವ ಹೆಸರಿನಲ್ಲಿ ಅವರನ್ನು ಹೊರಹಾಕಲಾಯಿತು. ಆಫ್ರಿಕಾದ ಮಾನವ ಹಕ್ಕುಗಳ ನ್ಯಾಯಾಲಯ 2017ರ ಮೇ 26ರಂದು ಒಗಿಯೆಕರ ಪರ ತೀರ್ಪಿತ್ತು, ಕಾಡಿನ ರಕ್ಷಣೆ ಅವರ ತೆರವಿಗೆ ನ್ಯಾಯವಾದ ಕಾರಣವಾಗಲಾರದು ಎಂದಿತು. ಹಾಗಿದ್ದೂ 2023ರ ನವೆಂಬರಿನಲ್ಲಿ ಮತ್ತೆ ಮನೆಗಳು ಉರುಳಿದವು. ಇಂಡೊನೇಷ್ಯಾದ ಸಂವಿಧಾನ ನ್ಯಾಯಾಲಯ 2013ರಲ್ಲಿ ಸಂಪ್ರದಾಯದ ಸಮುದಾಯಗಳ ಕಾಡು ಸರ್ಕಾರದ ಕಾಡಲ್ಲ ಎಂದು ಹೇಳಬೇಕಾಯಿತು. ನಮ್ಮದೇ ಒಡಿಶಾದ ನಿಯಮಗಿರಿಯಲ್ಲಿ, ಸುಪ್ರೀಂ ಕೋರ್ಟಿನ 2013ರ ತೀರ್ಪಿನಂತೆ ಕೇಳಿದಾಗ, ಹನ್ನೆರಡಕ್ಕೆ ಹನ್ನೆರಡೂ ಗ್ರಾಮಸಭೆಗಳು ಬಾಕ್ಸೈಟ್ ಗಣಿ ಬೇಡವೆಂದವು. ಗಣಿ, ಅಣೆಕಟ್ಟು, ತಾಳೆ ತೋಟ, ಅಭಯಾರಣ್ಯ ಎಂದು ದೇಶಕ್ಕೊಂದು ಹೆಸರು. ಎಲ್ಲ ಕಡೆಯೂ ಮೊದಲ ಹೆಜ್ಜೆ ಮಾತ್ರ ಒಂದೇ: ದಾಖಲೆಯಿಲ್ಲದ ಭೂಮಿ ಸರ್ಕಾರದ್ದು ಎಂದು ಬರೆದುಕೊಳ್ಳುವುದು.

ಬೆಂಗಳೂರಿನ ಜನರಿಗೆ ಇದು ಎಲ್ಲೋ ದೂರದ ಸಂಗತಿ ಎನಿಸಬಹುದು. ಕಬಿನಿಯ ನೀರು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರಿ, ತೊರೆಕಾಡನಹಳ್ಳಿಯಿಂದ ಪಂಪಾಗಿ ನಮ್ಮ ನಲ್ಲಿಗೆ ಬರುತ್ತದೆ. ವಾರಾಂತ್ಯಕ್ಕೆ ನಮ್ಮ ಕಾರುಗಳು ಹೋಗುವುದು ಆ ಹಿನ್ನೀರಿನ ರೆಸಾರ್ಟುಗಳಿಗೆ. ಇದಕ್ಕಿಂತ ಹತ್ತಿರದ್ದು ನಗರದ ಅಂಚಿನಲ್ಲೇ ನಡೆದಿದೆ. ಅದರ ಬಗ್ಗೆ ನಾನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ನಾನು ಕಣ್ಣಾರೆ ಕಂಡದ್ದು.

ಪರಿಶಿಷ್ಟ ಜಾತಿ, ಪಂಗಡಗಳ ಕುಟುಂಬಗಳಿಗೆ ಸರ್ಕಾರ ದಶಕಗಳ ಹಿಂದೆ ಎರಡು ಎಕರೆ, ಮೂರು ಎಕರೆ ಮಂಜೂರು ಮಾಡಿತು. ಪರಭಾರೆ ಮಾಡಬಾರದು, ಅಂದರೆ ಬೇರೆಯವರಿಗೆ ವರ್ಗಾಯಿಸಬಾರದು ಎಂಬ ಷರತ್ತು ಮಂಜೂರಾತಿಗೆ ಕೊಟ್ಟ ಸಾಗುವಳಿ ಚೀಟಿಯಲ್ಲೇ ಇತ್ತು. ಆಗ ಆ ಕಲ್ಲುಗುಡ್ಡದ ಪಕ್ಕದ ಜಮೀನನ್ನು ಕೇಳುವವರಿರಲಿಲ್ಲ. ರಸ್ತೆ ಬಂತು, ಲೇಔಟ್ ಬಂತು, ಎಕರೆಯ ಬೆಲೆ ಕೋಟಿ ದಾಟಿತು. ಮಗಳ ಮದುವೆಗೋ ಆಸ್ಪತ್ರೆಗೋ ಕೈಸಾಲ ಕೊಟ್ಟವರು ಖಾಲಿ ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದು ಮೊದಲು ಜಿಪಿಎ (ಅಧಿಕಾರ ಪತ್ರ) ಆಯಿತು, ಆಮೇಲೆ ಕ್ರಯಪತ್ರವಾಯಿತು, ಮ್ಯುಟೇಷನ್ ಆಗಿ ದಾಖಲೆಯಲ್ಲಿ ಹೆಸರು ಬದಲಾಯಿತು, ಭೂಪರಿವರ್ತನೆ ಆಯಿತು. ಪ್ರತಿ ಹಂತದಲ್ಲೂ ಒಬ್ಬ ಸರ್ಕಾರಿ ನೌಕರನ ಸಹಿ ಬೇಕಿತ್ತು, ಸಿಕ್ಕಿತು. ಅದೇ ಜಮೀನಿನ ಮೇಲೆ ಎದ್ದ ಕಟ್ಟಡಕ್ಕೆ ಗಾರೆ ಹೊತ್ತ ಮೂಲ ಮಂಜೂರಾತಿದಾರರ ಮಕ್ಕಳನ್ನು ನಾನು ಬಲ್ಲೆ.

ಇದನ್ನು ತಡೆಯಲೆಂದೇ ದೇವರಾಜ ಅರಸರ ಕಾಲದಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆ ಬಂತು. ಅದರ ಬಲ ಎಷ್ಟೆಂದು ನಮ್ಮ ಅಧಿಕಾರಿಗಳೇ ಮರೆತಿದ್ದಾರೆ. ಮಂಜೂರಾದ ಜಮೀನು ಮೂಲ ಮಂಜೂರಾತಿದಾರ ಅಥವಾ ವಾರಸುದಾರರಲ್ಲದವರ ಕೈಯಲ್ಲಿದ್ದರೆ, ಬೇರೆ ರೀತಿ ಸಾಬೀತಾಗುವ ತನಕ ಆ ವರ್ಗಾವಣೆ ಅಸಿಂಧು ಎಂದೇ ಭಾವಿಸಬೇಕೆಂದು ಕಲಂ 5(3) ಹೇಳುತ್ತದೆ. ಸಾಬೀತು ಮಾಡುವ ಹೊರೆ ಕೊಂಡವರ ಮೇಲೆ. ಇಂಥ ಜಮೀನಿನ ನೋಂದಣಿಯನ್ನೇ ಕಲಂ 6 ನಿಷೇಧಿಸುತ್ತದೆ. ನಾನು ಕಂಡ ವಿಚಾರಣೆಗಳಲ್ಲಿ ನಡೆದದ್ದು ತಿರುಗುಮುರುಗು: ಮಂಜೂರಾತಿಯ ಮೂಲ ಕಡತ ತನ್ನಿ ಎಂದು ಕೇಳುವುದು ಮಂಜೂರಾತಿದಾರರ ಮೊಮ್ಮಕ್ಕಳನ್ನು. ಆ ಕಡತ ಇರಬೇಕಾದದ್ದು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಅದಕ್ಕೆ ಅರ್ಜಿ ಹಾಕಿದರೆ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಕೊಡುತ್ತಾರೆ. ಬೆಲೆ ಏರಿದ ಸರ್ವೆ ನಂಬರಿನ ಕಡತಗಳೇ ಏಕೆ ಹೆಚ್ಚಾಗಿ ಸಿಗುವುದಿಲ್ಲವೆಂದು ಇಲಾಖೆ ಒಮ್ಮೆಯಾದರೂ ಲೆಕ್ಕ ತೆಗೆಯಬೇಕು.

ತಡವಾಗಿ ಬಂದಿರಿ ಎಂಬುದು ಇನ್ನೊಂದು ಉತ್ತರ. 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಸಮಂಜಸವಾದ ಅವಧಿಯೊಳಗೆ ಅರ್ಜಿ ಬರಬೇಕೆಂದ ಮೇಲೆ ಎಷ್ಟೋ ಕುಟುಂಬಗಳ ಪ್ರಕರಣ ಬಿದ್ದುಹೋದವು. 2023ರಲ್ಲಿ ಕಾಲಮಿತಿ ಇಲ್ಲವೆಂದು ಕಾಯ್ದೆಗೆ ತಿದ್ದುಪಡಿ ತಂದದ್ದಕ್ಕೆ ತಮಗೆ ಮನಃಪೂರ್ವಕ ವಂದನೆಗಳು. ಆದರೆ ವಿಳಂಬದ ಪ್ರಶ್ನೆ ನ್ಯಾಯಾಲಯಗಳಲ್ಲಿ ಇನ್ನೂ ಮುಗಿದಿಲ್ಲ. ಕೊಂಡವರ ಪರ ಹಿರಿಯ ವಕೀಲರು ಬರುತ್ತಾರೆ, ಈ ಕಡೆ ದಿನದ ಕೂಲಿ ಬಿಟ್ಟು ಬಂದವರು ನಿಂತಿರುತ್ತಾರೆ. ಸರ್ಕಾರ ತನ್ನದೇ ತಿದ್ದುಪಡಿಯನ್ನು ಸಮರ್ಥಿಸಲು ಅಷ್ಟೇ ಸಮರ್ಥ ವಕೀಲರನ್ನು ನಿಲ್ಲಿಸಬೇಕು.

ಆದಿವಾಸಿ ಪ್ರದೇಶಗಳಿಗೆ ವಿಶೇಷ ರಕ್ಷಣೆ ಕೊಡುವ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ ಕರ್ನಾಟಕದಲ್ಲಿ ಒಂದೂ ಇಲ್ಲ. ಜಾರ್ಖಂಡದ ಆದಿವಾಸಿಗಳಿಗೆ ಬಿರ್ಸಾ ಮುಂಡಾ ಹೋರಾಟದ ಫಲವಾಗಿ ಬಂದ 1908ರ ಛೋಟಾನಾಗ್ಪುರ ಗೇಣಿ ಕಾಯ್ದೆಯ ಆಸರೆಯಿದೆ, ಅಂಥ ಪ್ರದೇಶಗಳ ಗ್ರಾಮಸಭೆಗಳಿಗೆ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆಯ ವ್ಯಾಪ್ತಿಯೂ ಇದೆ. ನಮ್ಮ ಸೋಲಿಗರಿಗೆ, ಇರುಳಿಗರಿಗೆ ಅದಾವುದೂ ಇಲ್ಲ. ಅದರ ಮೇಲೆ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ, ಕೃಷಿಕರಲ್ಲದವರೂ ಹಣವಿದ್ದರೆ ಕೃಷಿ ಜಮೀನು ಕೊಳ್ಳಬಹುದಾಗಿದೆ. ನಗರದ ಸುತ್ತಲಿನ ಸಣ್ಣ ಹಿಡುವಳಿದಾರರ ಮೇಲೆ ಇದರ ಒತ್ತಡ ಎಷ್ಟೆಂದು ಯಾವ ತಾಲ್ಲೂಕು ಕಚೇರಿಯ ಗುಮಾಸ್ತನಾದರೂ ಹೇಳಬಲ್ಲ.

ಹುಲಿಯ ಪ್ರಶ್ನೆಯನ್ನು ಅರಣ್ಯ ಸಚಿವರು ಎತ್ತಬಹುದು, ಎತ್ತಬೇಕು ಕೂಡ. 2022ರ ಗಣತಿಯಲ್ಲಿ ನಮ್ಮ ರಾಜ್ಯದಲ್ಲಿ 563 ಹುಲಿಗಳಿವೆ ಎಂದಾಗ ನಾನೂ ಹೆಮ್ಮೆಪಟ್ಟವನು. ಬಿಳಿಗಿರಿರಂಗನ ಬೆಟ್ಟವನ್ನು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದ ವರ್ಷವೇ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅವರ ಪೋಡುಗಳೂ ಅಲ್ಲಿವೆ, ಅವರ ಪವಿತ್ರ ಮರ ದೊಡ್ಡಸಂಪಿಗೆಗೆ ಪೂಜೆಯೂ ನಡೆಯುತ್ತಿದೆ, ಹುಲಿಯೂ ಇದೆ. ದಸರಾ ಆನೆಗಳ ಮಾವುತರು, ಕಾವಾಡಿಗಳು, ಬೆಂಕಿ ಕಾವಲಿಗೆ ನಿಲ್ಲುವ ವಾಚರುಗಳು ಇದೇ ಹಾಡಿಗಳ ಮಕ್ಕಳು. ದಿನಗೂಲಿಗೆ ಕಾಡು ಕಾಯಲು ಬೇಕಾದವರು ಹಕ್ಕುಪತ್ರ ಕೇಳಿದಾಗ ಕಾಡಿಗೆ ಅಪಾಯವಾಗುವುದು ಹೇಗೆ? 2024ರ ಜೂನ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ರಾಜ್ಯಗಳಿಗೆ ಪತ್ರ ಬರೆದು, ದೇಶದ ಹುಲಿ ಪ್ರದೇಶಗಳ ಒಳವಲಯದಲ್ಲಿ ಉಳಿದಿರುವ 591 ಹಳ್ಳಿಗಳ 64,801 ಕುಟುಂಬಗಳ ಸ್ಥಳಾಂತರಕ್ಕೆ ವೇಳಾಪಟ್ಟಿ ಕೇಳಿದೆ. ಕುಟುಂಬಕ್ಕೆ 15 ಲಕ್ಷ ರೂಪಾಯಿಯ ಪ್ಯಾಕೇಜು; ಇದು ಸ್ವಯಂಪ್ರೇರಿತ ಎನ್ನುತ್ತಾರೆ. ಕರೆಂಟು, ರಸ್ತೆ, ಶಾಲೆ ಕೊಡದೆ ಕೂರಿಸಿ, ಹಕ್ಕಿನ ಅರ್ಜಿಯನ್ನೂ ಬಾಕಿ ಇಟ್ಟು, ಆಮೇಲೆ ಹೋಗುತ್ತೀರಾ ಎಂದು ಕೇಳಿದರೆ ಬರುವ ಒಪ್ಪಿಗೆಯನ್ನು ನಾನು ಒಪ್ಪಿಗೆ ಎನ್ನಲಾರೆ. ಹಕ್ಕುಗಳ ಪರಿಶೀಲನೆ ಮುಗಿಯುವ ತನಕ ಯಾರನ್ನೂ ತೆರವು ಮಾಡುವಂತಿಲ್ಲ ಎಂದು ಅರಣ್ಯ ಹಕ್ಕು ಕಾಯ್ದೆಯ ಕಲಂ 4(5) ಹೇಳಿದೆ. 2016ರ ಡಿಸೆಂಬರಿನ ಚಳಿಯಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ನೂರಾರು ಗುಡಿಸಲುಗಳು ನೆಲಸಮವಾದದ್ದನ್ನು ರಾಜ್ಯ ಮರೆಯಬಾರದು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟು. ‘ದಾಖಲೆ ಒದಗಿಸಿಲ್ಲ’ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಿದ ಎಲ್ಲ ಅರಣ್ಯ ಹಕ್ಕು ಅರ್ಜಿಗಳನ್ನು ಮರಳಿ ತೆರೆಯಿರಿ. ಪಂಚಾಯಿತಿ ಮಟ್ಟದ ಸಭೆಯಲ್ಲಿ ಹಾಡಿಯವರ ದನಿ ಕೇಳಿಸುವುದಿಲ್ಲ. ಹಾಡಿ, ಪೋಡು, ದೊಡ್ಡಿಗಳಲ್ಲೇ ಗ್ರಾಮಸಭೆ ಕೂರಿಸಿ, ಹಿರಿಯರ ಹೇಳಿಕೆಯನ್ನು ಅವರ ಮಾತಿನಲ್ಲೇ ಬರೆದುಕೊಂಡು ಸ್ಥಳ ಮಹಜರು ಮಾಡಿಸಿ. ತಿರಸ್ಕರಿಸುವುದಾದರೆ ಕಾರಣವನ್ನು ಬರೆದು, ಅರ್ಜಿದಾರರಿಗೆ ಓದಿ ಹೇಳಿ, ಮೇಲ್ಮನವಿಗೆ ಅರವತ್ತು ದಿನವಿದೆ ಎಂಬುದನ್ನೂ ತಿಳಿಸುವಂತಾಗಲಿ. ಕೊಟ್ಟ ಹಕ್ಕುಪತ್ರ ಪೆಟ್ಟಿಗೆಯಲ್ಲೇ ಉಳಿಯದಂತೆ ಕಂದಾಯ ದಾಖಲೆಯಲ್ಲಿ ನಮೂದಾಗಲಿ.

ಅಸ್ಸಾದಿ ಸಮಿತಿ ಗುರುತಿಸಿದ 3,418 ಕುಟುಂಬಗಳಲ್ಲಿ ಎಷ್ಟು ಕುಟುಂಬಗಳಿಗೆ ಎಲ್ಲಿ ಎಷ್ಟು ಭೂಮಿ ಕೊಡಲಾಗಿದೆ, ಎಷ್ಟು ಬಾಕಿ ಇದೆ ಎಂಬುದನ್ನು ಹಾಡಿವಾರು ಪ್ರಕಟಿಸಿ. ಬಾಕಿ ಇರುವವರಿಗೆ ದಿನಾಂಕ ಹೇಳಿ.

ಕಂದಾಯ ಸಚಿವರಲ್ಲಿ ನನ್ನ ಇಲಾಖೆಯ ಹಳೆಯ ನೌಕರನಾಗಿ ಒಂದು ವಿಶೇಷ ವಿನಂತಿ. ಭೂ ಸುರಕ್ಷಾ ಯೋಜನೆಯಡಿ ರೆಕಾರ್ಡ್ ರೂಮುಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ಇರುವುದನ್ನು ಸ್ಕ್ಯಾನ್ ಮಾಡಿದರೆ ಸಾಲದು, ಇಲ್ಲದ್ದರ ಪಟ್ಟಿಯೂ ಆಗಬೇಕು. ಮೂಲ ಕಡತ ಹೋಗಿದ್ದರೂ ದರಖಾಸ್ತು ವಹಿ, ಸಾಗುವಳಿ ಚೀಟಿ ವಿತರಣೆಯ ವಹಿ, ಹಳೆಯ ಮ್ಯುಟೇಷನ್ ವಹಿ, ಕೈಬರಹದ ಪಹಣಿ ಇವುಗಳಲ್ಲಿ ಎಲ್ಲೋ ಒಂದು ಕಡೆ ಆ ಮಂಜೂರಾತಿಯ ನಮೂದು ಇದ್ದೇ ಇರುತ್ತದೆ. ಅವುಗಳಿಂದ ಕಡತವನ್ನು ಮತ್ತೆ ಕಟ್ಟಬಹುದು. ಆ ಕೆಲಸವನ್ನು ಮಂಜೂರಾತಿದಾರರ ಮೊಮ್ಮಕ್ಕಳ ಮೇಲೆ ಹಾಕದೆ ತಹಶೀಲ್ದಾರರ ಹೊಣೆ ಮಾಡಿ. ಹೀಗೆ ಗುರುತಿಸಿದ ಸರ್ವೆ ನಂಬರುಗಳನ್ನು ಕಾವೇರಿ ನೋಂದಣಿ ತಂತ್ರಾಂಶದಲ್ಲಿ ತಡೆಹಿಡಿಯಿರಿ. ಅವುಗಳ ಮೇಲೆ ಭೂಪರಿವರ್ತನೆಯಾಗಲಿ ಲೇಔಟ್ ನಕ್ಷೆಗೆ ಮಂಜೂರಾತಿಯಾಗಲಿ ಕೊಡಬೇಡಿ. ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಮತ್ತು ಹಳೆಯ ರಾಮನಗರ ಜಿಲ್ಲೆಯ ತಾಲ್ಲೂಕುಗಳಿಂದ ಇದು ಶುರುವಾಗಲಿ, ಏಕೆಂದರೆ ಒಂದೊಂದು ತಿಂಗಳು ತಡವಾದರೂ ಅಲ್ಲಿ ಇನ್ನಷ್ಟು ಜಮೀನಿಗೆ ಕಾಂಪೌಂಡು ಬೀಳುತ್ತದೆ.

ಈ ಪತ್ರಕ್ಕೆ ಉತ್ತರ ನನಗೇ ಬರಬೇಕೆಂದಿಲ್ಲ. ಮುಂಬರುವ ವಿಧಾನಮಂಡಲ ಅಧಿವೇಶನದಲ್ಲಿ, ಮೇಲೆ ಕೇಳಿದ ಲೆಕ್ಕಗಳನ್ನು ತಾಲ್ಲೂಕುವಾರು ಸದನದ ಮುಂದೆ ಇಟ್ಟರೆ ಸಾಕು. ಅದನ್ನು ಅರ್ಜಿದಾರರಿಗೆ ಓದಿ ಹೇಳುವ ಕೆಲಸ ನಾನು ಮಾಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕಂದಾಯ ಇಲಾಖೆಯ ಒಬ್ಬ ನಿವೃತ್ತ ನೌಕರ
ಬೆಂಗಳೂರು